ಜಯಮ್ಮ ಆಡದ ಮಾತುಗಳು

ಟೀವಿ ನೋಡಿ ಕೆಡುವವರು ಹೆಂಗಸರು ಮತ್ತು ಮಕ್ಕಳು ಎಂದು ಗಂಡಸರೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದೇವೆ. ನಮ್ಮ ಮನೆಯ ಮಟ್ಟಿಗೆ ಕೆಟ್ಟವನು ನಾನು. ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತು ಮರದ ಬುಗುರಿ, ಗಿಲಕಿ ಕಡೆಯುವುದು ನನ್ನ ಕಸುಬು. ಓದಿದ್ದು ಎಸ್ಸೆಸ್ಸೆಲ್ಸಿ. ಆ ಓದಿನ ಜಂಬದಲ್ಲಿ, ಧಾರಾವಾಹಿಯೆಲ್ಲ ಸುಳ್ಳು, ವಾರ್ತೆಯೆಲ್ಲ ನಿಜ ಎಂದು ನನ್ನ ಹೆಂಡತಿ ಜಯಮ್ಮನಿಗೆ ಪಾಠ ಹೇಳುತ್ತಿದ್ದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಧಾರಾವಾಹಿ ನೋಡುತ್ತಿದ್ದಳು. ಕತೆಯಲ್ಲಿ ಯಾರಾದರೂ ಸತ್ತರೆ ಚೆನ್ನಾಗಿ ಅತ್ತು, ಜಾಹೀರಾತು ಬಂದ ಕೂಡಲೇ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದಳು. ಕತೆ ಎಲ್ಲಿ ಮುಗಿಯುತ್ತದೆ, ಒಗ್ಗರಣೆ ಎಲ್ಲಿ ಶುರುವಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ವಾರ್ತೆಯಲ್ಲಿ ನಮ್ಮ ಊರಿನ ಹೆಸರೇ ಬಂತು. ಆನೆ ಬಂದಿದೆ, ಚನ್ನಪಟ್ಟಣದ ಜನ ಮನೆಯಿಂದ ಹೊರಗೆ ಬರಲು ಹೆದರಿ ನಡುಗುತ್ತಿದ್ದಾರೆ ಎಂದು ಒಬ್ಬರು ಕಿರುಚುತ್ತಿದ್ದರು. ಆನೆಯಂಥ ಆನೆಯ ಸುತ್ತಲೂ ಕೆಂಪು ವೃತ್ತ ಎಳೆದು ತೋರಿಸುತ್ತಿದ್ದರು, ಎಲ್ಲಿ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೋ ಎಂದು. ನಾನು ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಚನ್ನಪಟ್ಟಣದ ಜನರ ಪರವಾಗಿ ನಡುಗುತ್ತಾ ಕೂತೆ. ಜಯಮ್ಮ ಚೀಲ ಹಿಡಿದು ಹೊರಟಳು. ಬೇಡವೆಂದರೂ ಕೇಳದೆ ಹೋಗಿ, ಅರ್ಧ ಗಂಟೆಗೆ ನುಗ್ಗೇಕಾಯಿ ತಂದಳು. "ಆನೆ ಬಂದಿರೋದು ಎಂಟು ಮೈಲಿ ಆಚೆ ತೋಟ್ಕಂತೆ. ಬೀದಿ ತುಂಬ ಜನ ಪಾನಿಪೂರಿ ತಿಂತಾ ನಿಂತವ್ರೆ. ನಡುಗ್ತಾ ಇರೋ ಜನ ಅಂದ್ರೆ ನೀವೊಬ್ರೇ" ಎಂದಳು. ಕಿಟಕಿ ತೆಗೆದಿದ್ದರೆ ನನಗೂ ಕಾಣುತ್ತಿತ್ತು. ಆದರೆ ಕಿಟಕಿಯಲ್ಲಿ ಕೆಂಪು ವೃತ್ತ ಇರುವುದಿಲ್ಲವಲ್ಲ.

ಆ ಜಯಮ್ಮ ಹೋದ ವರ್ಷ ಬೇಸಿಗೆಯಲ್ಲಿ ತೀರಿಕೊಂಡಳು. ಎದೆನೋವೆಂದು ರಾಮನಗರದಲ್ಲಿ ಆಸ್ಪತ್ರೆಗೆ ಸೇರಿಸಿದ್ದೆ. ಮೂರು ದಿನ ಇದ್ದಳು. ನಾನು ಧೈರ್ಯವಾಗಿಯೇ ಇದ್ದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಸಾಯುವವರು ಹೇಗೆ ಸಾಯುತ್ತಾರೆಂದು ನಾನು ಅಷ್ಟು ವರ್ಷ ಅವಳ ಪಕ್ಕದಲ್ಲಿ ಕೂತು, ಧಾರಾವಾಹಿಗಳಲ್ಲಿ ನೋಡದವನ ಹಾಗೆ ನೋಡಿದ್ದೆನಲ್ಲ. ಮೊದಲು ಕೈ ಹಿಡಿದುಕೊಳ್ಳಬೇಕು, ಕೊಳಲು ಕೇಳಿಸಬೇಕು, ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳಬೇಕು, ಆಮೇಲೆ ಕತ್ತು ವಾಲಬೇಕು. ಜಯಮ್ಮ ಇದ್ಯಾವುದನ್ನೂ ಶುರು ಮಾಡಿರಲಿಲ್ಲ. ಇನ್ನೂ ಸಮಯವಿದೆ ಅಂದುಕೊಂಡಿದ್ದೆ. ಮೂರನೆಯ ಬೆಳಿಗ್ಗೆ, ನನ್ನ ಪಕ್ಕದ ಲೇತಿನಲ್ಲಿ ಕೂತು ಕೆಲಸ ಮಾಡುವ ಮಕ್ಬೂಲ್ ನೋಡಲು ಬಂದ. ನನ್ನ ಮುಖ ನೋಡಿ, "ಬಾರೋ ಭಾಯಿ, ಒಂದ್ ಕಾಫಿ ಕುಡ್ಕಂಬರಾಣ" ಎಂದ. ಜಯಮ್ಮನಿಗೆ ಹೇಳಿದೆ. "ಹೋಗ್ಬನ್ನಿ. ಸಕ್ಕರೆ ಒಸಿ ಕಮ್ಮಿ ಹಾಕುಸ್ಕಳಿ, ಹೇಳ್ದೆ ಇದ್ರೆ ಸುರ್ದ್ಬುಡ್ತಾರೆ" ಎಂದಳು. ನಾವು ವಾಪಸು ಬರುವ ಹೊತ್ತಿಗೆ ಮಂಚದ ಸುತ್ತ ಪರದೆ ಎಳೆದಿದ್ದರು.

ನಮ್ಮ ಕಡೆ ಸಾವಿನ ಮನೆಗೆ ಬಂದವರು ಒಂದು ಲೋಟ ನೀರು ಕುಡಿದು, "ಕೊನೇಲಿ ಏನಾರ ಅಂದ್ರಾ?" ಎಂದು ಕೇಳುತ್ತಾರೆ. ಕೇಳುವುದು ಪದ್ಧತಿ, ಹೇಳುವುದೂ ಪದ್ಧತಿ. ನಾನು ಏನು ಹೇಳಲಿ? ಸಕ್ಕರೆ ವಿಷಯ ಹೇಳಿದರೆ ಕಾಫಿ ವಿಷಯ ಹೇಳಬೇಕು. ಕಾಫಿ ಎಂದರೆ, ಅವಳು ಹೋಗುವಾಗ ನಾನು ಬೀದಿಯಲ್ಲಿ ಲೋಟ ಹಿಡಿದು ನಿಂತಿದ್ದೆ ಎಂದು ಒಪ್ಪಿಕೊಳ್ಳಬೇಕು. ಮೊದಲು ಬಂದವರಿಗೆ, "ಹುಷಾರಾಗಿರಿ ಅಂದ್ಲು" ಎಂದೆ. ಅವರು ಲೊಚಗುಟ್ಟಿದರು. ಮರುದಿನ ಮಾಗಡಿಯಿಂದ ಬಂದವರಿಗೆ ಅದು ಸಾಲದೆನಿಸಿ, ಕೈ ಹಿಡಿದುಕೊಂಡಳು ಎಂದು ಸೇರಿಸಿದೆ. ತಿಥಿಯ ಹೊತ್ತಿಗೆ ಜಯಮ್ಮ ಒಂದು ಪೂರ್ತಿ ಸಂಚಿಕೆಯಷ್ಟು ಮಾತಾಡಿ ಕಣ್ಣು ಮುಚ್ಚುತ್ತಿದ್ದಳು. ಕೇಳಿದವರು ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಇಲ್ಲಿಯವರೆಗೆ ಇದು ಬರೀ ಸುಳ್ಳು. ಆಮೇಲೆ ಭಯ ಹತ್ತಿತು. ಒಬ್ಬನೇ ಕೂತು ಅವಳನ್ನು ನೆನೆಸಿಕೊಂಡರೆ, ಮಾತಾಡುತ್ತಿದ್ದುದು ಯಾರೋ ನಟಿ. ಮೂವತ್ತೊಂದು ವರ್ಷ ಕೇಳಿದ ಗಂಟಲು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ನನ್ನ ಹೆಂಡತಿಯನ್ನು ನಾನೇ ಎರಡನೆಯ ಸಲ ಕಳೆದುಕೊಳ್ಳುತ್ತಿದ್ದೆ.

ಅವಳ ತಂಗಿ ಸಾಕಮ್ಮ ಕೋಡಿಹಳ್ಳಿಯಿಂದ ಬಂದು ನಾಲ್ಕು ದಿನ ಇದ್ದಳು. ಹೊರಡುವ ಬೆಳಿಗ್ಗೆ ಬೆಳ್ಳುಳ್ಳಿ ಬಿಡಿಸುತ್ತಾ, "ಭಾವ, ಒಂದ್ ಮಾತ್ ಕೇಳ್ಲಾ? ತುಳಸಿ ಗಿಡಕ್ಕೆ ದಿನಾ ನೀರು ಹಾಕಿ, ನಾನು ಅಲ್ಲೇ ಇರ್ತೀನಿ ಅಂತ ಅಕ್ಕ ಹೇಳುದ್ಲು ಅಂದ್ರಲ್ಲ" ಎಂದಳು.

"ಹೂಂ."

"ನಿಮ್ಮನೇಲಿ ತುಳಸಿ ಗಿಡ ಎಲ್ಲೈತೆ?"

ನಾನು ಅಂಗಳದ ಕಡೆ ನೋಡಿದೆ. ಅಲ್ಲಿ ಕರಿಬೇವಿನ ಗಿಡವೊಂದೇ ಇತ್ತು.

"ಆ ಸೀರಿಯಲ್ ನಾನೂ ನೋಡಿವ್ನಿ ಭಾವ. ಅದು ದೊಡ್ಡ ಸೊಸೆ ಸಾಯೋವಾಗ ಹೇಳಿದ್ದು. ನಮ್ಮಕ್ಕ ಏನಂದ್ಲು, ಅದ್ನ ಹೇಳಿ."

ಹೇಳಿದೆ. ಕಾಫಿ, ಸಕ್ಕರೆ, ಸುರಿದುಬಿಡುತ್ತಾರೆ, ಪರದೆ, ಎಲ್ಲ. ಸಾಕಮ್ಮ ಮೊದಲು ನಕ್ಕಳು, ಗಟ್ಟಿಯಾಗಿ. ಆಮೇಲೆ ಸೆರಗು ಮುಖಕ್ಕೆ ಹಿಡಿದಳು. "ಇದಪ್ಪಾ ನಮ್ಮಕ್ಕ! ಕಾಪಿ ಅಂಗ್ಡಿಯೋನ್ಗೂ ಒಂದ್ ಬುದ್ಧಿ ಹೇಳ್ದೆ ಹೋಗ್ನಿಲ್ಲ. ಇಂಥಾ ಮಾತ್ನ ಯಾಕ್ ಮುಚ್ಚಿಟ್ರಿ?"

"ನಾನು ಹತ್ರ ಇರ್ಲಿಲ್ಲ ಸಾಕಮ್ಮ. ಕಾಫಿ ಕುಡೀತಿದ್ದೆ."

"ಹೋಗ್ಬನ್ನಿ ಅಂತ ಕಳ್ಸಿದ್ದು ಯಾರು? ಅವ್ಳೇ ತಾನೆ? ಇನ್ನೇನ್ ನಿಮ್ದು?" ಎಂದು ಗದರಿ, ಬೆಳ್ಳುಳ್ಳಿ ಸಿಪ್ಪೆ ಬಾಚಿಕೊಂಡು ಎದ್ದಳು. ಅವಳು ಗದರಿದ ರೀತಿಯಲ್ಲಿ ಅಕ್ಕನ ಗಂಟಲಿತ್ತು. 'ಸುರ್ದ್ಬುಡ್ತಾರೆ' ಎಂಬ ಆ ಮಾತು, ಜಯಮ್ಮನ ಸ್ವಂತ ದನಿಯಲ್ಲಿ, ನನ್ನ ಕಿವಿಗೆ ಬಂದು ಕೂತಿತು. ಸಾಕಮ್ಮನ ಋಣ ನಾನು ತೀರಿಸಲಾರೆ. ಟೀವಿಯನ್ನೂ ನಾನು ಬೈಯುವುದಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಅವಳ ಸಂಜೆಗಳಿಗೆ ಅಷ್ಟೊಂದು ಜನರನ್ನು ಕರೆತಂದಿದ್ದು ಅದೇ. ತಪ್ಪು ಮಾಡಿದ್ದು ಅದರಿಂದ ಮಾತು ಕದ್ದ ನಾನು.

ಈಗ ಕೇಳಿದವರಿಗೆ ನಿಜ ಹೇಳುತ್ತೇನೆ. ಕೆಲವರಿಗೆ ನಿರಾಸೆಯಾಗುತ್ತದೆ. "ಆಮೇಲೆ?" ಎಂದು ಕಾಯುತ್ತಾರೆ. ಆಮೇಲೆ ಏನೂ ಇಲ್ಲ ಎಂದು ಹೇಳಿ ಸುಮ್ಮನಿರಲು ಕಲಿತಿದ್ದೇನೆ. ಹಾಗೆಂದು ಜಂಬ ಕೊಚ್ಚಿಕೊಂಡು, ಇಲ್ಲಿ ಬರೆದಿದ್ದನ್ನೆಲ್ಲ ನಿನ್ನೆ ಮಕ್ಬೂಲನಿಗೆ ಓದಿ ಹೇಳಿದೆ. ಅವನು ಕಣ್ಣೊರೆಸಿಕೊಂಡು, "ಎಲ್ಲಾ ಚೆನ್ನಾಗೈತೆ ಕಣ್ಲಾ. ಆದ್ರೆ ನಾವು ಕಾಫಿ ಕುಡ್ದು ಬರೋವಾಗ ಜೋರು ಮಳೆ ಬಂತು ಅಂತ ಬರ್ದಿದ್ದೀಯಲ್ಲ, ಯಾವ್ ಮಳೆನೋ? ಅವತ್ತು ರಣಬಿಸ್ಲು. ನನ್ ಟವಲ್ ತೆಗ್ದು ನಿನ್ ತಲೆ ಮ್ಯಾಲೆ ಹಾಕಿರ್ಲಿಲ್ವಾ?" ಎಂದ.

ಹಾಕಿದ್ದ. ಮಳೆಯನ್ನು ಹೊಡೆದುಹಾಕಿದೆ. ಅದರ ಹಿಂದಿನ ಸಾಲಿನಲ್ಲಿ ಒಂದು ಗುಡುಗೂ ಇತ್ತು. ಮಕ್ಬೂಲ್ ಅದನ್ನು ಗಮನಿಸಿರಲಿಲ್ಲ. ಅದನ್ನು ನಾನೇ ತೆಗೆದೆ.