ಮಳೆ ಬಂದರೆ ಅರಳುವ ಮಾವ

ನಮ್ಮ ಸೋದರಮಾವನಿಗೆ ಬಿಸಿಲು ಕಂಡರೆ ಆಗುತ್ತಿರಲಿಲ್ಲ. ಬಿಸಿಲಿನಲ್ಲಿ ಯಾರು ಬೇಕಾದರೂ ಫುಟ್‌ಬಾಲ್ ಆಡುತ್ತಾರಂತೆ! ಅವರು ಕೃಷ್ಣರಾಜನಗರದ ನಮ್ಮ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ನಾನು ಅವರ ತಂಡದಲ್ಲಿ ಗೋಲಿನ ಮುಂದೆ ನಿಂತು ತಡೆಯುವ ಬ್ಯಾಕ್. ಮಳೆ ಬಂದರೆ ಬೇರೆ ಮೇಷ್ಟ್ರುಗಳು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು, ಇವರು ನಮ್ಮನ್ನು ಹೊರಗೆ ಅಟ್ಟುತ್ತಿದ್ದರು. ಇಂಥ ಮೇಷ್ಟ್ರನ್ನು ಎಲ್ಲಾದರೂ ಕಂಡಿದ್ದೀರಾ?

ಐವತ್ತರ ದಶಕದ ಚರ್ಮದ ಚೆಂಡು ನೀರು ಕುಡಿದರೆ ಹಲಸಿನಹಣ್ಣಿನಷ್ಟು ತೂಗುತ್ತಿತ್ತು. ಮಾವ ಹಿಂದಿನ ದಿನವೇ ಅದಕ್ಕೆ ಹರಳೆಣ್ಣೆ ತಿಕ್ಕಿ ಇಡುತ್ತಿದ್ದರು. ಮನೆಯಲ್ಲಿ ಎಣ್ಣೆ ನಿಲ್ಲುತ್ತಿರಲಿಲ್ಲ. "ನನ್ ತಲೆ ಒಣಗಲಿ ಬುಡಿ, ಚೆಂಡಿನ ತಲೆ ತಂಪಾಗಿದ್ರೆ ಸಾಕು" ಎನ್ನುತ್ತಿದ್ದರು ಅತ್ತೆ.

ಕೆಸರಿನ ಅಭ್ಯಾಸಕ್ಕೆಂದು ಒಮ್ಮೆ ನಮ್ಮನ್ನು ಚುಂಚನಕಟ್ಟೆಯ ಬಯಲಿಗೆ ಕರೆದೊಯ್ದು, ನಾಟಿಗೆ ನೀರು ಕಟ್ಟಿದ್ದ ಗದ್ದೆಗೆ ಇಳಿಸಿದರು. ಗದ್ದೆಯವನು ದೊಣ್ಣೆ ಹಿಡಿದು ಓಡಿಬಂದ. ಮಾವ ಅಲುಗಲಿಲ್ಲ. "ಬಿಟ್ಟಿ ಗದ್ದೆ ತುಳುಸ್ಕೊಡ್ತಾ ಇವ್ನಿ ಕಣಯ್ಯಾ, ಎತ್ತಿಗಿಂತ ವಾಸಿ ಇಲ್ವಾ ನೋಡು" ಎಂದರು. ಆತ ಸ್ವಲ್ಪ ಹೊತ್ತು ನೋಡಿ, "ನಾಳಿಕ್ಕೆ ಮ್ಯಾಲಿನ ಗದ್ದೆಗೂ ಕಳುಸಿ ಸ್ವಾಮಿ" ಎಂದು ದೊಣ್ಣೆ ಇಳಿಸಿದ.

ಗಾಳಿಗೂ ಅವರಲ್ಲಿ ಉಪಾಯವಿತ್ತು. ಎಚ್.ಡಿ. ಕೋಟೆಯ ಪಂದ್ಯದಲ್ಲಿ ಗಾಳಿ ಯಾವ ದಿಕ್ಕಿಗಿದೆಯೆಂದು ನೋಡಲು ಪಂಚೆಯ ತುದಿ ಎತ್ತಿ ಹಿಡಿದರು. ಪಂಚೆಯೇ ಬಿಚ್ಚಿ ಹಾರಿಹೋಯಿತು. ಎದುರಾಳಿ ಗೋಲ್‌ಕೀಪರ್ ಹೊಟ್ಟೆ ಹಿಡಿದು ನಗುತ್ತಿದ್ದಾಗ ನಾವು ಗೋಲು ಹೊಡೆದೆವು. ಅದೂ ತಮ್ಮ ಉಪಾಯವೇ ಎಂದು ಮಾವ ಕೊನೆಯವರೆಗೂ ಸಾಧಿಸಿದರು!

ನಾವು ಆಡುತ್ತಿದ್ದ ಮೈದಾನ ಸ್ಕೂಲಿನದಲ್ಲ, ಊರ ಗೌಡರೊಬ್ಬರ ಹೊಲ. ಹುಣಸೂರಿನವರ ಕೈಯಲ್ಲಿ ನಾವು ವರ್ಷವರ್ಷವೂ ಸೋಲುವುದನ್ನು ಕಂಡು ಗೌಡರಿಗೆ ಬೇಸರ ಬಂದಿತ್ತು. "ಈ ಸಲಾನೂ ಸೋತ್ರೆ ಹುರುಳಿ ಚೆಲ್ಲುಸ್ಬುಡ್ತೀನಿ ಮೇಷ್ಟ್ರೇ. ಹುರುಳೀನಾದ್ರೆ ಎತ್ತಾದ್ರೂ ತಿಂತವೆ" ಎಂದರು. ಮೈದಾನ ಹೋದರೆ ಮಾವನ ಬದುಕಿನಲ್ಲಿ ಇನ್ನೇನಿತ್ತು?

ಹುಣಸೂರಿನವರ ಜೊತೆಗಿನ ಪಂದ್ಯದ ದಿನ ಹಿಂಗಾರು ಮಳೆ ಕವುಚಿಕೊಂಡು ಬಿತ್ತು. ಮಾವನ ಮುಖ ಮದುವೆಮನೆಯ ಹಾಗೆ ಅರಳಿತು. "ನೀರು ನಿಂತಿರೋ ಕಡೆಗೇ ಒದೀರ್ಲಾ, ಚೆಂಡು ಅಲ್ಲೇ ಕೂತ್ಕತ್ತದೆ" ಎಂದರು. ಹಾಗೆಯೇ ಆಯಿತು. ಹುಣಸೂರಿನವರು ಚೆಂಡನ್ನು ದಾಟಿ ಮುಂದೆ ಓಡಿದರು, ನಾವು ಹಿಂದಿನಿಂದ ಬಂದು ಗೋಲು ಹೊಡೆದೆವು. ಇನ್ನು ಸ್ವಲ್ಪ ಹೊತ್ತು ತಡೆದಿದ್ದರೆ ಮೈದಾನ ನಮ್ಮದೇ.

ಅಷ್ಟರಲ್ಲಿ ಪಕ್ಕದ ತೆಂಗಿನಮರಕ್ಕೆ ಸಿಡಿಲು ಬಡಿಯಿತು. ಮಾವ ಸೀಟಿ ಊದುತ್ತಾ ಒಳಗೆ ನುಗ್ಗಿ ನಮ್ಮನ್ನೆಲ್ಲ ಹೊರಗೆ ಎಳೆದರು.

"ಮೊದಲು ಬಿಟ್ಟು ಹೋದವರೇ ಸೋತ ಹಾಗೆ ಮೇಷ್ಟ್ರೇ" ಎಂದರು ರೆಫರಿ.

"ಅಂಗೇ ಬರ್ಕಳಿ" ಎಂದವರೇ ಮಾವ ಹುಣಸೂರಿನ ಹುಡುಗರನ್ನೂ ಗದರಿಸಿ, ಎಲ್ಲರನ್ನೂ ಸ್ಕೂಲಿನ ಒಳಕ್ಕೆ ದಬ್ಬಿದರು.

ಗೌಡರು ಆಡಿದ ಮಾತಿಗೆ ತಪ್ಪಲಿಲ್ಲ. ಗೋಲಿನ ಕಂಬಗಳ ನಡುವೆ ಹುರುಳಿ ಮೊಳೆತ ದಿನ ನಾನು ಮಾವನ ಜೊತೆ ತುಂತುರು ಮಳೆಯಲ್ಲಿ ಬೇಲಿಯ ಪಕ್ಕ ನಿಂತಿದ್ದೆ. "ಇನ್ನೊಂಚೂರು ಆಡುದ್ರೆ ಗೆಲ್ತಿದ್ವಲ್ಲ ಮಾವ" ಎಂದೆ.

ಅವರು ನನ್ನ ಒದ್ದೆ ತಲೆಯನ್ನು ಪಂಚೆಯ ತುದಿಯಿಂದ ಒರೆಸುತ್ತಾ ಮೆಲ್ಲಗೆ ಹೇಳಿದರು: "ಗೆಲ್ತಿದ್ವಿ ಕಣ್ಲಾ. ನಿಮ್ಗೇನಾರಾ ಆಗಿದ್ರೆ, ಇಪ್ಪತ್ತೆರಡು ಜನ ಅವ್ವಂದಿರ ಮುಂದೆ ಯಾವ ಮೊಕ ಇಟ್ಕಂಡು ನಿಂತ್ಕತಿದ್ದೆ ನಾನು?"