ಮುಳ್ಳನ್ನು ನಂಬದ ಮೈದುನ

ಸಿಂಚನಾ, ಮಾದೇಶ, ಇಬ್ಬರೂ ಹತ್ತಿರ ಕೂತು ಓದಿ. ನಿಮ್ಮ ಚಿಕ್ಕತಾತನಿಗೆ, ಅಂದರೆ ನನ್ನ ಮೈದುನನಿಗೆ, ಈ ಲೋಕದಲ್ಲಿ ಶತ್ರು ಅಂತ ಇರುವುದು ಒಂದೇ ಒಂದು. ಅದು ಪಕ್ಕದ ಹೊಲದವನಲ್ಲ, ಹೆಂಡತಿಯ ತವರಿನವರೂ ಅಲ್ಲ. ಅವರ ಹಳೆಯ ಡೀಸೆಲ್ ಕಾರಿನಲ್ಲಿ, ಸ್ಟೇರಿಂಗಿನ ಮುಂದಿನ ಗಾಜಿನ ಹಿಂದೆ ಕೂತು, ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುತ್ತದಲ್ಲ, ಆ ಕಿರುಬೆರಳಿನಷ್ಟು ಉದ್ದದ ಮುಳ್ಳು!

"ಅದು ಸುಳ್ಳುಬುರುಕ ಕಣತ್ಗೆ," ಎನ್ನುತ್ತಾರೆ ನನಗೆ. "ಇನ್ನೂ ಬೇಕಾದಷ್ಟು ಇರೋವಾಗ್ಲೇ ಖಾಲಿ ಖಾಲಿ ಅಂತ ಬಾಯ್ ಬಡ್ಕತದೆ. ಬಂಕಿನೋರ್ಗೂ ಅದ್ಕೂ ಒಳಗೊಳಗೇ ಮಾತುಕತೆ ಆಗದೆ."

ಹಾಗಾದರೆ ಎಷ್ಟು ಡೀಸೆಲ್ ಇದೆ ಅಂತ ತಿಳಿಯುವುದು ಹೇಗೆ? ಕಿವಿಯಿಂದ. ಅವರು ಹೊಲದಲ್ಲಿ ಡೀಸೆಲ್ ಇಂಜಿನ್ ಇಟ್ಟು ನೀರೆತ್ತುತ್ತಿದ್ದ ಕಾಲದಲ್ಲಿ ಅದರ ತಗಡಿನ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ ಅಳತೆ ಹೇಳುತ್ತಿದ್ದರು. ಕಾರಿಗೂ ಅದೇ ಶಾಸ್ತ್ರ. ಆದರೆ ಕಾರಿನ ಟ್ಯಾಂಕು ಹೊಟ್ಟೆಯ ಕೆಳಗೆ ಇರುತ್ತದಲ್ಲ, ತಟ್ಟುವುದು ಎಲ್ಲಿಂದ? ಆದ್ದರಿಂದ ಕಾರಿಗೆ ಸೊಂಟ ಕೊಟ್ಟು ಎರಡು ಸಾರಿ ಜಗ್ಗಿಸಿ, ತಟ್ಟನೆ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ ಕಿವಿ ಕೊಡುತ್ತಾರೆ. ಒಳಗೆ ಗುಳುಕ್ ಅಂದರೆ ಇದೆ. ಗುಳು ಗುಳು ಅಂದರೆ ಬೇಕಾದಷ್ಟಿದೆ. ನಮ್ಮೂರು ಹನೂರಿನ ಅಂಗಡಿ ಬೀದಿಯಲ್ಲಿ ಒಮ್ಮೆ ಹೀಗೆ ಕೂತಿದ್ದಾಗ ದಾರಿಹೋಕನೊಬ್ಬ ಬಗ್ಗಿ ನೋಡಿದ.

"ಏನ್ ಕಳ್ಕಂಡ್ರಿ ಸಾ?"

"ಏನೂ ಇಲ್ಲ. ಸುಮ್ಕೆ ನಿಂತ್ಕಳಯ್ಯ, ಕೇಳುಸ್ಕತಾ ಇವ್ನಿ."

ಆತ ಪಾಪ, ತಾನೂ ಪಕ್ಕದಲ್ಲಿ ಕೂತು ಕಿವಿ ಇಟ್ಟ. ಅವನನ್ನು ನೋಡಿ ಇನ್ನೊಬ್ಬ ಕೂತ. ನಾನು ಕಾರಿನೊಳಗೆ ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದೆ.

ಟ್ಯಾಂಕು ತುಂಬಿಸಿಬಿಟ್ಟರೆ ಈ ಪಾಡೇ ಇರುವುದಿಲ್ಲವಲ್ಲ ಎಂದು ನೀವು ಕೇಳುತ್ತೀರಿ. ನಿಮ್ಮ ಚಿಕ್ಕಜ್ಜಿ, ಅಂದರೆ ನನ್ನ ವಾರಗಿತ್ತಿ, ಮದುವೆಯಾದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದೇ ಇರಬೇಕು. ಅದಕ್ಕೆ ಅವರ ಉತ್ತರ: "ತುಂಬ್ಸಿದ ಟ್ಯಾಂಕು ಗಬ್ಬದ ಹಸ ಇದ್ದಂಗೆ. ಹೊತ್ಕಂಡು ನಡೀಲಾರ್ದೆ ಜಾಸ್ತಿ ತಿಂತದೆ."

ಒಂದು ಆಯುಧಪೂಜೆಗೆ ಅವರು ಶತ್ರುವನ್ನು ಮುಗಿಸಿಯೇ ಬಿಟ್ಟರು. ಸ್ಟೇರಿಂಗಿಗೆ ಹೂ ಕಟ್ಟಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ವಿಭೂತಿಯನ್ನು ನೀರಲ್ಲಿ ಕಲಸಿ ಸರಿಯಾಗಿ ಆ ಮುಳ್ಳಿನ ಗಾಜಿನ ಮೇಲೆ ಮೂರು ಬೆರಳು ದಪ್ಪಗೆ ಎಳೆದರು. ಒಳಗಿನ ಮುಳ್ಳು ಕಾಣದಂತಾಯಿತು. ನನ್ನ ವಾರಗಿತ್ತಿ ಸೆರಗಿನಿಂದ ಒರೆಸಲು ಹೋದಳು.

"ಮುಟ್ಬೇಡ, ಸಾಕ್ಷಾತ್ ಶಿವ ಕೂತವ್ನೆ," ಎಂದರು.

"ಶಿವ ಕೂತವ್ನೋ, ನಿಮ್ ಮಳ್ಳಾಟ ಕೂತದೋ?" ಎಂದಳು ಅವಳು. ಆದರೂ ಒರೆಸಲು ಕೈ ಬರಲಿಲ್ಲ. ದೇವರ ಮುಂದೆ ಯಾರು ತಾನೇ ಏನು ಮಾಡಲಿಕ್ಕಾಗುತ್ತದೆ?

ಆ ಶಿವನ ಕೃಪೆಯಿಂದಲೇ ನಾವು ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಕೌದಳ್ಳಿ ದಾಟಿದ ಮೇಲೆ ನಿಂತೆವು. ಡೀಸೆಲ್ ಕಾರಿನ ಕಷ್ಟ ನಿಮಗೆ ಗೊತ್ತಿರಲಿ ಮಕ್ಕಳೇ. ಟ್ಯಾಂಕು ಬರಿದಾಗಿ ನಿಂತರೆ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಡೀಸೆಲ್ ತಂದು ಸುರಿದರೂ ಅದು ಹೊರಡುವುದಿಲ್ಲ. ಬಾನೆಟ್ ಎತ್ತಿ, ಅಲ್ಲಿರುವ ಒಂದು ಪುಟ್ಟ ಪಂಪನ್ನು ಕೈಯಿಂದ ಒತ್ತಿ ಒತ್ತಿ ಆ ಗಾಳಿಯನ್ನು ಹೊರಗೆ ದಬ್ಬಬೇಕು. ಮೈದುನ ಯಾರದೋ ಟ್ರಾಕ್ಟರಿನಿಂದ ಒಂದು ಕ್ಯಾನು ಡೀಸೆಲ್ ಬೇಡಿ ತಂದು, ಸ್ಪ್ಯಾನರ್ ಹಿಡಿದು ನಿಂತರು. ವಾರಗಿತ್ತಿ ಮುನಿಸಿಕೊಂಡು ಕಾರಿನಿಂದ ಇಳಿಯಲೇ ಇಲ್ಲ. ಪಂಪು ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ಬೀದಿಯ ನಲ್ಲಿಯಲ್ಲಿ ನೀರು ಹಿಡಿಯಲೂ ನಾಚುತ್ತಿದ್ದ ನಾನು ರಸ್ತೆಯ ಮಧ್ಯೆ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದೆ. ಬೆಳಿಗ್ಗೆ ನಾವು ಹಾರನ್ ಹೊಡೆದು ಹಿಂದೆ ಹಾಕಿದ್ದ ಕಾಲ್ನಡಿಗೆಯ ಭಕ್ತರು ಉಘೇ ಎನ್ನುತ್ತಾ ಹತ್ತಿರ ಬಂದರು.

"ನಡೀರವ್ವಾ, ನಮ್ ಜೊತೆ ಬಂದ್ಬುಡಿ. ಬ್ಯಾಗಾ ಓಯ್ತೀರಿ," ಎಂದು ಅವರಲ್ಲೊಬ್ಬಳು ಮರುಕದಿಂದ ಕರೆದಳು.

ಈ ಸುದ್ದಿ ಮನೆ ಮುಟ್ಟಿದ್ದೇ ಮೈದುನನ ಮಗ ಗುಡುಗಿದ. ಇನ್ನು ಈ ಕಾರು ಬೇಡ, ಮಾರಿಬಿಡೋಣ, ಎಲ್ಲಿಗೆ ಹೋಗಬೇಕಾದರೂ ಬಸ್ಸಿನಲ್ಲಿ ಹೋಗಿ ಎಂದ. ಮೈದುನನ ಮುಖ ಸಣ್ಣದಾಯಿತು. ಮಂಡಿ ನೋವಿನ ಅವರಿಗೆ ಆ ಕಾರೇ ಕಾಲು. ಬೆಳಗಾದರೆ ಅದನ್ನು ಒರೆಸದೆ ಕಾಫಿ ಕುಡಿಯುವವರಲ್ಲ. ಕೊನೆಗೆ ಹೇಳಿದರು:

"ಬರೋ ವಾರ ಯಳಂದೂರಲ್ಲಿ ನಮ್ ನೆಂಟರ ಮನೆ ಗೃಹಪ್ರವೇಶ ಅದಲ್ಲ. ಮುಳ್ಳು ತಳ ಕಚ್ಚಿರೋವಾಗ ಇಲ್ಲಿಂದ ಒಂಟು, ಒಂದ್ ತೊಟ್ಟೂ ಹಾಕುಸ್ದೆ ಅಲ್ಲಿಗಂಟ ಓಯ್ತೀನಿ. ದಾರೀಲಿ ನಿಂತ್ರೆ ಕೀ ನಿನ್ ಕೈಗೆ. ನಿಲ್ದೆ ಓದ್ರೆ, ನಾನ್ ಇರೋಗಂಟ ಕಾರ್ ಸುದ್ದಿಗೆ ಬರಂಗಿಲ್ಲ."

ಮಗ ಒಪ್ಪಿದ. ಆದರೆ ಸಾಕ್ಷಿಗೆ ಯಾರು? "ದೊಡ್ಡವ್ವ ಕೂತ್ಕಳ್ಲಿ. ದೊಡ್ಡವ್ವ ಸುಳ್ಳು ಯೋಳಕಿಲ್ಲ," ಎಂದ ನನ್ನ ಕಡೆ ನೋಡಿ.

"ಅಕ್ಕ ನಿಜಾನೂ ಯೋಳಕಿಲ್ಲ. ನಾಕ್ ಜನದ ಮುಂದೆ ಬಾಯೇ ಬುಡಕಿಲ್ಲ," ಎಂದಳು ವಾರಗಿತ್ತಿ.

ಗೃಹಪ್ರವೇಶದ ದಿನ ಬೆಳಿಗ್ಗೆ ಮಗ ಬಂದು, ಕಣ್ಣಿಗೊತ್ತಿಕೊಂಡು ವಿಭೂತಿಯನ್ನು ಒರೆಸಿದ. ಮುಳ್ಳು ಕೆಂಪು ಗೆರೆಯನ್ನೂ ದಾಟಿ ಸತ್ತ ಹಲ್ಲಿಯ ಹಾಗೆ ಬಿದ್ದಿತ್ತು. ಫೋನಿನಲ್ಲಿ ಅದರ ಫೋಟೊ ಹಿಡಿದು, ಬೈಕ್ ಹತ್ತಿ ನಮಗಿಂತ ಮುಂದೆ ಹೋದ. ಮೈದುನ ಸೊಂಟದಿಂದ ಕಾರನ್ನು ಜಗ್ಗಿಸಿದರು, ಕೂತು ಕೇಳಿದರು, ಎದ್ದು ತಲೆಯಾಡಿಸಿದರು. ಆಮೇಲೆ ನಮ್ಮ ಚೀಲಕ್ಕೆ ಕೈ ಹಾಕಿದರು.

"ಈ ತೆಂಗಿನಕಾಯಿ ಯಾಕೆ? ಯಳಂದೂರಲ್ಲಿ ತೆಂಗಿನ್ ಮರ ಇಲ್ವಾ?"

ಕಾಯಿಗಳು ಇಳಿದವು. ಮುಯ್ಯಿಗೆಂದು ತಂದಿದ್ದ ತಾಮ್ರದ ಬಿಂದಿಗೆ ಮಾತ್ರ ಉಳಿಯಿತು. ವಾರಗಿತ್ತಿ ಅದನ್ನು ಮಡಿಲಲ್ಲಿ ಅಪ್ಪಿಕೊಂಡು, "ನನ್ನೂ ಇಳುಸ್ಬುಡಿ, ಹಗುರಾಯ್ತದೆ," ಎಂದಳು. ಅವರು ಒಂದು ಗಳಿಗೆ ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಹೊರಟೆವು. ಗಾಳಿ ತಡೆಯುತ್ತದೆಂದು ಕಿಟಕಿ ತೆರೆಯುವಂತಿಲ್ಲ. ಡೀಸೆಲ್ ಕುಡಿಯುತ್ತದೆಂದು ಏಸಿ ಹಾಕುವಂತಿಲ್ಲ. ರೇಷ್ಮೆ ಸೀರೆಯಲ್ಲಿ ನಾವಿಬ್ಬರು ಹಬೆಯಲ್ಲಿ ಬೇಯುವ ಕಡುಬಿನ ಹಾಗೆ ಕೂತಿದ್ದೆವು. ಕಾಮಗೆರೆ ಹೋಯಿತು. ಮಧುವನಹಳ್ಳಿ ಹೋಯಿತು. ಒಂದೊಂದು ಬಂಕು ಬಂದಾಗಲೂ ವಾರಗಿತ್ತಿ ಅದನ್ನು ತವರುಮನೆಯ ಹಾಗೆ ತಿರುಗಿ ತಿರುಗಿ ನೋಡುತ್ತಿದ್ದಳು. ಇಳಿಜಾರು ಬಂದರೆ ಮೈದುನ ಕಾಲು ಎತ್ತಿಕೊಂಡು ಕಾರನ್ನು ಅದರ ಪಾಡಿಗೆ ಬಿಡುತ್ತಿದ್ದರು. ಎತ್ತಿನ ಗಾಡಿ ಮುಂದೆ ಬಂದರೂ ಬ್ರೇಕು ಒತ್ತಲು ಮನಸ್ಸಿಲ್ಲದೆ, ತಾವು ಮಾತ್ರ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ಬೇಡಿಕೊಳ್ಳುತ್ತಿದ್ದರು.

ಕೊಳ್ಳೇಗಾಲದಲ್ಲಿ ಪ್ರಾಣ ಬಾಯಿಗೆ ಬಂತು. ಕಬ್ಬಿನ ಟ್ರಾಕ್ಟರೊಂದು ರಸ್ತೆಗೆ ಅಡ್ಡ ನಿಂತು, ಬಸ್ಸುಗಳೆಲ್ಲ ಸಾಲುಗಟ್ಟಿದ್ದವು. ಮೈದುನ ಇಂಜಿನ್ ಆರಿಸಿದರು. ದಾರಿ ಬಿಟ್ಟ ಮೇಲೆ ಕೀ ತಿರುಗಿಸಿದರೆ, ಕೆಮ್ಮಿತು, ಸುಮ್ಮನಾಯಿತು. ಹಿಂದಿನ ಬಸ್ಸಿನವನು ಹಾರನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ.

"ಬನ್ನಿ ಅಕ್ಕ, ಇಳ್ದು ಆ ಬಸ್ಸೇ ಅತ್ಕಳಾನ," ಎಂದಳು ವಾರಗಿತ್ತಿ.

ಮೈದುನ ಮತ್ತೆ ಕೀಗೆ ಕೈ ಹಾಕಿದರು. ಅವರ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಎರಡನೆಯ ಸಲ ತಿರುಗಿಸಿದರು. ಕಾರು ಇನ್ನೊಮ್ಮೆ ಕೆಮ್ಮಿ, ಹತ್ತಿಕೊಂಡಿತು. ನಾನು ಕಣ್ಣು ಮುಚ್ಚಿದವಳು ಮಾಂಬಳ್ಳಿ ಬಂದ ಮೇಲೆ ತೆರೆದೆ.

ಯಳಂದೂರಿನಲ್ಲಿ ನೆಂಟರ ಮನೆಯ ಶಾಮಿಯಾನದ ಮುಂದೆ ಮಗ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಕಾರು ಸೀದಾ ಅವನ ಮುಂದೆ ಹೋಗಿ ನಿಂತಿತು. ಮೈದುನ ನಿಧಾನವಾಗಿ ಕೀ ತಿರುಗಿಸಿ ಆರಿಸಿ, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, ಮದುವೆ ಗಂಡಿನ ಹಾಗೆ ಇಳಿದರು. ಮಗನಿಗೆ ನಂಬಿಕೆ ಬರಲಿಲ್ಲ.

"ದಾರೀಲಿ ಎಲ್ಲೋ ಹಾಕುಸ್ಕಂಡೇ ಬಂದಿದ್ದೀಯ ಕಣಪ್ಪ ನೀನು."

ಊಟಕ್ಕೆ ಕಾಯುತ್ತಿದ್ದ ಗಂಡಸರೆಲ್ಲ ಸುತ್ತ ಸೇರಿದರು. ಯಾರೋ ನಕ್ಕರು. "ಈ ವಯಸ್ಸಲ್ಲಿ ಮೋಸನಾ?" ಎಂದ ಇನ್ನೊಬ್ಬ. ಮೈದುನ ನನ್ನ ಕಡೆ ತಿರುಗಿದರು. ಅಷ್ಟು ಗಂಡಸರ ನಡುವೆ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ನಿಮ್ಮ ತಾತನ ತಿಥಿಯ ದಿನವೂ ಒಳಗಿನ ಬಾಗಿಲ ಹಿಂದಿನಿಂದಲೇ ಮಾತಾಡಿದವಳು. ಆದರೆ ಈಗ ನಾನು ಸುಮ್ಮನಿದ್ದರೆ ಆ ಕೀ ಅವರ ಕೈ ತಪ್ಪುತ್ತದೆ.

"ಒಂದ್ ತೊಟ್ಟೂ ಹಾಕ್ಸಿಲ್ಲ ಕಣಪ್ಪ," ಎಂದೆ. ಯಾರಿಗೂ ಕೇಳಿಸಲಿಲ್ಲ. ಸೆರಗು ಬಿಗಿಯಾಗಿ ಹಿಡಿದು ಗಟ್ಟಿಯಾಗಿ ಹೇಳಿದೆ: "ಹಾಕ್ಸಿಲ್ಲ. ನಾನು ಜೊತೇಲೇ ಕೂತಿದ್ದೆ. ಅನೂರಿಂದ ಇಲ್ಲಿಗಂಟ ಒಂದ್ ಕಡೆನೂ ಕೆಳಕ್ ಇಳ್ದಿಲ್ಲ. ಇನ್ ಮ್ಯಾಲೆ ಯಾರೂ ಆ ಕಾರ್ ಸುದ್ದಿ ಎತ್ತಂಗಿಲ್ಲ."

ಶಾಮಿಯಾನದ ಕೆಳಗಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಡುಗೆಯವನೂ ಸೌಟು ಹಿಡಿದು ಇಣುಕಿದ. ನನಗೆ ದನಿ ಇದೆ ಎಂಬುದು ಬಹಳ ಜನಕ್ಕೆ ಅಂದೇ ತಿಳಿದದ್ದು.

"ದೊಡ್ಡವ್ವ ಯೋಳುದ್ ಮೇಲೆ ಮುಗೀತು ಬುಡಿ," ಎಂದು ಮಗ ತಲೆ ತಗ್ಗಿಸಿದ. ಕಾರನ್ನು ನೆರಳಿಗಾದರೂ ಹಾಕುತ್ತೇನೆಂದು ತಾನೇ ಹತ್ತಿ ಕೂತ. ಕಾರು ಎರಡು ಮಾರು ಮುಂದೆ ಹೋಯಿತು. ಗಕ್ಕೆಂದು ನಿಂತಿತು.

"ನನ್ ಕೈಲಿ ನಿಂತಿಲ್ಲ ಕಣ್ಲಾ," ಎಂದರು ಮೈದುನ, ಇಡೀ ಬೀದಿಗೆ ಕೇಳುವ ಹಾಗೆ. "ನಿನ್ ಕೈಲಿ ನಿಂತದ್ದು!"

ಶಾಮಿಯಾನವೇ ಹಾರಿಹೋಗುವಂತೆ ಜನ ನಕ್ಕರು. ಕ್ಯಾನು ಹಿಡಿದು ಬಂಕಿಗೆ ಹೋದವನು ಮಗನೇ. ಇಸ್ತ್ರಿ ಮಾಡಿದ ಬಿಳಿ ಪಂಚೆ ಎತ್ತಿ ಕಟ್ಟಿ ಬಾನೆಟ್ಟಿನೊಳಗೆ ಪಂಪು ಒತ್ತಿದವನೂ ಅವನೇ. ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟವಳು ನಾನು. ಮೈದುನ ಅಷ್ಟರಲ್ಲಿ ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದರು.

ಸಂಜೆ ಹೊರಟಾಗ ಅವರು ಕಾರನ್ನು ನೇರವಾಗಿ ಬಂಕಿಗೆ ತಿರುಗಿಸಿದರು. "ಪೂರ್ತಿ ತುಂಬ್ಸಪ್ಪ," ಎಂದರು. ವಾರಗಿತ್ತಿ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದಳು.

"ಯಾಕ್ರೀ, ಏನಾಯ್ತು ನಿಮ್ಗೆ?"

"ಅತ್ಗೆ ಇವತ್ತು ಅಷ್ಟು ಜನದ ಮುಂದೆ ಮಾತಾಡುದ್ರು. ನಾನೂ ಏನಾರ ಮಾಡ್ಬೇಕಲ್ವಾ?" ಎಂದರು, ಹಿಂದೆ ತಿರುಗದೆ.

ಒರೆಸಿದ ಗಾಜಿನ ಹಿಂದೆ ಮುಳ್ಳು ಮೆಲ್ಲಗೆ ಏರಿ ನೆತ್ತಿಗೆ ನಿಂತಿತು. ಅದನ್ನು ಅಲ್ಲಿ ನಾನು ಮೊದಲೂ ಕಂಡಿದ್ದೆ. ನಿಮ್ಮ ತಾತನಿಗೆ ಕಾಯಿಲೆಯಾಗಿ ಮೈಸೂರಿನ ಆಸ್ಪತ್ರೆಗೆ ಓಡಾಡುತ್ತಿದ್ದ ದಿನಗಳಲ್ಲಿ ಇದೇ ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಅವರ ಮುಖ ನೋಡಲಾರದೆ ಮುಂದಿನ ಆ ಮುಳ್ಳಿನ ಗಾಜನ್ನೇ ನೋಡುತ್ತಿದ್ದೆ. ಆಗ ಆ ಮುಳ್ಳು ಒಂದು ದಿನವೂ ಅರ್ಧಕ್ಕಿಂತ ಕೆಳಗೆ ಇಳಿದಿರಲಿಲ್ಲ. ಅಣ್ಣನನ್ನು ಮಲಗಿಸಿಕೊಂಡು ಹೋಗುವಾಗ ಮೈದುನ ಕಿವಿಯನ್ನು ನಂಬಲಿಲ್ಲ. ಶತ್ರುವನ್ನೇ ನಂಬಿದರು.

ಇದನ್ನು ಅವರೆದುರು ಹೇಳಲು ಮಾತ್ರ ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಅದಕ್ಕೇ ನಿಮಗೆ ಬರೆದಿದ್ದೇನೆ ಮಕ್ಕಳೇ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಾನು ಇಲ್ಲದ ಕಾಲಕ್ಕೆ ಒಂದು ದಿನ ಅವರನ್ನು ಕೂರಿಸಿ, ಅವರ ಆ ಕಿವಿಗೆ ಕೇಳುವಂತೆ ಗಟ್ಟಿಯಾಗಿ ಓದಿ ಹೇಳಿ.