ಕೋಲಿಗೆ ಎಣ್ಣೆ ಹಚ್ಚಿದವರಾರು?

ಎಲ್ಲವನ್ನೂ ಅನುಮಾನಿಸಬೇಕು ಎಂದು ನನಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅನುಮಾನಿಸುವವನ ಮೇಲೆಯೇ ಅನುಮಾನ ಬಂದರೆ ಏನು ಮಾಡಬೇಕೆಂದು ಕಲಿಸಲಿಲ್ಲ; ಅಥವಾ ಕಲಿಸಿದ್ದರೋ ಏನೋ, ನೆನಪಿಲ್ಲ. ಇತ್ತೀಚೆಗೆ ನನ್ನ ತೊಂದರೆಯೇ ಇದು. ಇಂಡಿ ಎಂಬ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನಾನು ಚಲನೆಯ ನಿಯಮಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು. ಆದರೆ ಸ್ಕೂಟರಿನ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಯೆಲ್ಲ ಹುಡುಕುತ್ತೇನೆ. ಸಂತೆಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಹಳೆಯ ವಿದ್ಯಾರ್ಥಿಯೇ ಇರಬೇಕೆಂದು, ಹೆಸರು ನೆನಪಾಗುವವರೆಗೆ ಅವರ ತಂದೆ-ತಾಯಿ, ಮಳೆ-ಬೆಳೆ ಎಲ್ಲ ವಿಚಾರಿಸುತ್ತೇನೆ. ಮೊನ್ನೆ ನನ್ನಿಂದ ಹಾಗೆ ಬಹಳ ಹೊತ್ತು ವಿಚಾರಿಸಿಕೊಂಡವನು ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ತರುವವನು.

ಇಷ್ಟರ ನಡುವೆಯೂ ನನ್ನನ್ನು ಕೈಬಿಡದ ಒಂದು ನೆನಪಿತ್ತು. ಅದು ತಲೆಯಲ್ಲಿರಲಿಲ್ಲ, ಬಲಗೈಯಲ್ಲಿತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಪ್ರಯೋಗಾಲಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ಪೂಲ್ ಟೇಬಲ್ಲಿನ ಮೇಲೆ ಬಾಗಿ ಕಲಿತ ಆಟ ಅದು; ಕೋಲಿನಿಂದ ಬಿಳಿ ಚೆಂಡಿಗೆ ಹೊಡೆದು ಬೇರೆ ಚೆಂಡುಗಳನ್ನು ಅಂಚಿನ ಕುಳಿಗಳಿಗೆ, ಅಂದರೆ ಪಾಕೆಟ್ಟುಗಳಿಗೆ, ಬೀಳಿಸುವುದು. ಬಿಳಿ ಚೆಂಡು ಎಲ್ಲಿದೆ, ಯಾವ ಮೂಲೆಗೆ ಯಾವ ಚೆಂಡು ಹೋಗಬೇಕು ಎಂದು ಕಣ್ಣು ಹೇಳುವ ಮೊದಲೇ ಕೈ ಹೇಳುತ್ತಿತ್ತು. ಇಂಡಿಯಲ್ಲಿ ನನ್ನ ಜೋಡಿ ಆಟಗಾರ ದಸ್ತಗೀರ ಸಾಹೇಬರು. ಬಟ್ಟೆ ಅಂಗಡಿಯವರು, ನನಗಿಂತ ಹಿರಿಯರು. ಪ್ರತಿವರ್ಷ ಮುದ್ದೇಬಿಹಾಳದ ಇಬ್ಬರು ವಕೀಲರ ವಿರುದ್ಧ ನಾವಿಬ್ಬರೂ ಆಡುತ್ತೇವೆ. ನಮ್ಮೂರೂ ಬೇಡ, ಅವರೂರೂ ಬೇಡವೆಂದು ನಡುವೆ ಬಸವನ ಬಾಗೇವಾಡಿಯಲ್ಲಿ ಸೇರುತ್ತೇವೆ. ಹೋದ ವರ್ಷ ಸೋತೆವು. ಬರುವಾಗ ಬಸ್ಸಿನಲ್ಲಿ ಸಾಹೇಬರು ಕಿಟಕಿಯ ಕಡೆ ಮುಖಮಾಡಿ ಹೇಳಿದರು: "ಸರ, ನಮ್ಮ ಸಿಂದಗಿ ಅಳಿಯಾ ಭಾಳ ಚಲೋ ಆಡ್ತಾನಂತ್ರಿ."

"ಹೌದೇನ್ರಿ?" ಎಂದೆ.

"ಹೌದ್ರಿ. ಬರೋ ವರ್ಷ ಸೋತ್ವಿ ಅಂದ್ರ ಅವನ್ನ ಕರ್ಕೊಂಡು ಆಡ್ತೇನಿ. ನೀವ್ ಮನಸ್ಸಿಗೆ ಹಚ್ಚ್ಕೋಬ್ಯಾಡ್ರಿ."

ನಾನು ಅಂದಿನಿಂದ ಬೇರೆ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಈ ವರ್ಷ ಪಂದ್ಯ ಹತ್ತಿರವಾದಾಗ ಚೀಲ ಬಿಚ್ಚಿದೆ. ನನ್ನ ಸ್ಟಿಕ್ಕು ಎರಡು ತುಂಡಿನದು. ಹಿಂದಿನ ದಪ್ಪ ತುಂಡಿಗೆ ಮುಂದಿನ ಸಪೂರ ತುಂಡನ್ನು ತಿರುಪಿ ಕೂಡಿಸಬೇಕು. ಮರದ ಆ ಮುಂದಿನ ತುಂಡನ್ನು ಮುಟ್ಟಿದರೆ ಜಿಗಿಜಿಗಿ! ಮೂಸಿದರೆ ಕುಸುಬಿ ಎಣ್ಣೆ. ಬೆರಳುಗಳ ನಡುವೆ ರೇಷ್ಮೆಯಂತೆ ಜಾರಬೇಕಾದದ್ದು ಈಗ ನಿಂತು ನಿಂತು ಹೋಗುತ್ತಿತ್ತು.

"ಸಾವಿತ್ರಿ, ಇದಕ್ಕ ಎಣ್ಣಿ ಯಾರ್ ಹಚ್ಚ್ಯಾರ?"

ಹೆಂಡತಿ ಅಡುಗೆಮನೆಯಿಂದಲೇ ಅಂದಳು, "ನೀವಽ ಹಚ್ಚೀರಿ. ಕಾರಹುಣ್ಣಿವಿ ದಿನ, ಪಡಸಾಲ್ಯಾಗ ಕುಂತು, ಹಾಡ್ಕೋತ ಹಚ್ಚೀರಿ."

"ನಾನು? ಪೂಲ್ ಸ್ಟಿಕ್ಕಿಗೆ? ಎಣ್ಣಿ?"

"ಹಾಡಿದ್ದಾದ್ರೂ ನೆನಪೈತೇನ್ರಿ?"

ಹಾಡಿದ್ದೂ ನೆನಪಿರಲಿಲ್ಲ. ನನ್ನ ಹುಟ್ಟೂರು ಇಂಗಳೇಶ್ವರದಲ್ಲಿ ನಮ್ಮಪ್ಪ ಹೊಲದಿಂದ ಬಂದ ಮೇಲೆ ಬಾರುಕೋಲಿಗೆ ಎಣ್ಣೆ ತಿಕ್ಕಿಯೇ ಗೂಟಕ್ಕೆ ಹಾಕುತ್ತಿದ್ದ. "ದುಡದು ಬಂದ ಕೋಲನ್ನ ಒಣಾ ಇಡಬಾರದು" ಎನ್ನುತ್ತಿದ್ದ. ಆದರೆ ಅವನು ಅಪ್ಪ, ಅದು ಎತ್ತು ಹೊಡೆಯುವ ಕೋಲು. ನಾನು ವಿಜ್ಞಾನದವನು. ಪುರಾವೆ ಇಲ್ಲದೆ ಒಪ್ಪುವುದು ಹೇಗೆ? ಸಾವಿತ್ರಿಯೇ ಹಚ್ಚಿ ತಪ್ಪನ್ನು ನನ್ನ ಮೇಲೆ ಹಾಕುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ತೀರ್ಮಾನಿಸಿದರೂ ಒಳಗೆ ಅಳುಕು ನಿಲ್ಲಲಿಲ್ಲ. ಅವಳು ಹೇಳಿದ್ದು ನಿಜವಾದರೆ ತಲೆಯ ಜೊತೆಗೆ ಕೈಯೂ ಹೋಯಿತು ಎಂದೇ ಅರ್ಥ.

ಆ ಅಳುಕಿನಲ್ಲಿ ಕಾರ್ಬನ್ ಫೈಬರಿನ ಹೊಸ ಮುಂತುಂಡು ತರಿಸಿದೆ. ಕರ್ರಗೆ, ಹಗುರವಾಗಿ, ಒಳಗೆ ಪೊಳ್ಳಾಗಿ, ಬಾಣದಂತೆ ನೆಟ್ಟಗಿತ್ತು. ನಮ್ಮ ಕಡೆಯ ಬೇಸಿಗೆಗೆ ಮರದ ಸ್ಟಿಕ್ಕು ಬಾಗುತ್ತದೆ, ಇದು ಬಾಗುವುದಿಲ್ಲ. ಇನ್ನೊಂದು ಗುಣವೂ ಇದೆ. ಬಿಳಿ ಚೆಂಡಿನ ನಟ್ಟನಡುವೆ ಹೊಡೆಯದೆ ಬಲಕ್ಕೆ ಹೊಡೆದರೆ ಅದು ತುಸು ಎಡಕ್ಕೆ ಸರಿದು ಹೋಗುತ್ತದೆ. ಸ್ಟಿಕ್ಕಿನ ತುದಿ ಭಾರವಿದ್ದಷ್ಟೂ ಈ ಸರಿಯುವಿಕೆ ಹೆಚ್ಚು, ಹಗುರವಿದ್ದಷ್ಟೂ ಕಡಿಮೆ. ಅಂದರೆ ಕಾರ್ಬನ್ನಿನಲ್ಲಿ ಗುರಿ ಇಟ್ಟಲ್ಲಿಗೇ ಚೆಂಡು ಹೋಗಬೇಕು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಬಂತು. ಟೇಬಲ್ಲಿನ ಮೇಲೆ ಒಂದು ಚೆಂಡೂ ಒಳಗೆ ಹೋಗಲಿಲ್ಲ. ಎಲ್ಲವೂ ಪಾಕೆಟ್ಟಿನ ತುಟಿಗೆ ಬಡಿದು ವಾಪಸು ಬಂದವು.

ತಪ್ಪು ನನ್ನದೋ ಸ್ಟಿಕ್ಕಿನದೋ ತಿಳಿಯಲು ಶಾಸ್ತ್ರೀಯ ಪ್ರಯೋಗ ಮಾಡಬೇಕೆನಿಸಿತು. ಯಾವುದು ಯಾವುದೆಂದು ನನಗೆ ಗೊತ್ತಾಗಬಾರದೆಂದು ಎರಡೂ ತುಂಡುಗಳಿಗೆ ಸಾವಿತ್ರಿಯ ಹಳೆಯ ಇಳಕಲ್ ಸೀರೆಯ ಅಂಚು ಸುತ್ತಿಸಿದೆ. ಆದರೂ ಮರ 'ಟಪ್' ಎನ್ನುತ್ತದೆ, ಕಾರ್ಬನ್ 'ಟಣ್' ಎನ್ನುತ್ತದೆ, ಗುರುತು ಸಿಕ್ಕಿಬಿಡುತ್ತದೆ. ಅದಕ್ಕೆ ಕಿವಿಗೆ ಅರಳೆ ತುರುಕಿಕೊಂಡೆ. ಅಭ್ಯಾಸಕ್ಕೆ ಬಂದಿದ್ದ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದರು. ಅರಳೆ ತೆಗೆದು ಮತ್ತೊಮ್ಮೆ ಕೇಳಿಸಿಕೊಂಡೆ.

"ಏನಿಲ್ರಿ. ಸ್ಟಿಕ್ಕಿಗಿ ಸೀರಿ ಉಡಿಸೀರಿ, ಇನ್ನ ಉಡಿ ತುಂಬೋದೊಂದು ಉಳೀತು ಅಂದೆ."

ಪ್ರಯೋಗದ ಫಲಿತಾಂಶವೆಂದರೆ, ಬಟ್ಟೆ ಸುತ್ತಿದರೆ ಎರಡೂ ಸಮಾನವಾಗಿ ಕೆಟ್ಟವು. ಸಾಹೇಬರು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದರು. "ಬಾಗೇವಾಡಿಗಿ ಬಂದ್ಹೋಗಪಾ, ಸುಮ್ಮ ನೋಡಾಕ" ಎಂದದ್ದು ಮಾತ್ರ ಕೇಳಿಸಿತು. ಆಗ ಅರಳೆ ಕಿವಿಯಲ್ಲೇ ಇರಬೇಕಿತ್ತು.

ಪಂದ್ಯದ ದಿನ ಸಾವಿತ್ರಿ ಮರದ ತುಂಡಿಗೆ ಜೋಳದ ಹಿಟ್ಟು ತಿಕ್ಕಿ ಎಣ್ಣೆ ಹೀರಿಸಿ, "ಇರಲಿ ತೊಗೊಂಡ್ ಹೋಗ್ರಿ" ಎಂದು ಚೀಲದಲ್ಲಿಟ್ಟಳು. ತಾನೇ ಹಚ್ಚಿದ ಎಣ್ಣೆಗೆ ಪ್ರಾಯಶ್ಚಿತ್ತವೆಂದು ನಾನು ಉದಾರವಾಗಿ ಸ್ವೀಕರಿಸಿದೆ.

ಬಾಗೇವಾಡಿಯಲ್ಲಿ ಅಳಿಯ ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದ. ನಾನು ಕಾರ್ಬನ್ನಿನಲ್ಲಿ ಆಡಿದೆ. ಒಂದಾದ ಮೇಲೊಂದು ತಪ್ಪಿತು. ಸಾಹೇಬರೇ ಎಳೆದು ಎಳೆದು ಆಟವನ್ನು ಸಮಕ್ಕೆ ತಂದರು. ಕೊನೆಗೆ ಕರಿ ಚೆಂಡೊಂದೇ ಉಳಿಯಿತು, ಟೇಬಲ್ಲಿನ ದೂರದ ಅಂಚಿಗೆ ಅಂಟಿದಂತೆ; ಅದನ್ನು ಒಳಗೆ ಹಾಕಿದವರೇ ಗೆದ್ದಂತೆ. ಸರದಿ ನನ್ನದು. ಅಳಿಯ ಕೈ ಬಿಚ್ಚಿ ಮುಂದೆ ಬಾಗಿ ಕುಳಿತ. ಏನು ಹೊಳೆಯಿತೋ, ಕಾರ್ಬನ್ ತಿರುಪಿ ತೆಗೆದು ಮರ ಕೂಡಿಸಿದೆ. ಹಸಿರು ಬಟ್ಟೆಯ ಮೇಲೆ ಹಿಟ್ಟು ಉದುರಿತು.

"ಸರ, ಆಟ ಆಡ್ತೀರೋ ರೊಟ್ಟಿ ಬಡೀತೀರೋ?" ಎಂದರು ವಕೀಲರೊಬ್ಬರು.

ಯೋಚಿಸಲಿಲ್ಲ, ಬಾಗಿದೆ. ಪಾಕೆಟ್ಟಿನ ಕಡೆ ಅಲ್ಲ, ಕೂದಲೆಳೆಯಷ್ಟು ಪಕ್ಕಕ್ಕೆ ಕೈ ತಾನಾಗಿ ಗುರಿ ಇಟ್ಟಿತು. ಟಪ್. ಕರಿ ಚೆಂಡು ಅಂಚು ಹಿಡಿದು ಉರುಳಿ ಒಳಗೆ ಬಿತ್ತು. ಆಗ ಅರ್ಥವಾಯಿತು. ಇಷ್ಟು ವರ್ಷ ನನ್ನ ಕೈ ಕಲಿತದ್ದು ಮರ ಮಾಡುವ ತಪ್ಪನ್ನು, ಮತ್ತು ಅದನ್ನು ಸರಿದೂಗಿಸುವುದನ್ನು. ತಪ್ಪೇ ಮಾಡದ ಕಾರ್ಬನ್ನಿಗೂ ಕೈ ಅದನ್ನೇ ಸರಿದೂಗಿಸುತ್ತಿತ್ತು. ಕೈ ಏನನ್ನೂ ಮರೆತಿರಲಿಲ್ಲ, ಮರೆಯದಿದ್ದುದೇ ತೊಂದರೆಯಾಗಿತ್ತು.

ಸಾಹೇಬರು ಅಳಿಯನ ಬೆನ್ನು ತಟ್ಟಿದರು: "ನೀ ಇನ್ನೊಂದ್ ವರ್ಷ ಸಂಸಾರ ಮಾಡಪಾ. ನಮ್ ಸರ ಅದಾರ."

ಮನೆಗೆ ಬಂದವನು ಪಡಸಾಲೆಯಲ್ಲಿ ಕುಳಿತು, ಗೆದ್ದದ್ದು ಮರದಿಂದಲೋ ಹಿಟ್ಟಿನಿಂದಲೋ, ಒಂದೇ ಹೊಡೆತದಿಂದ ಏನನ್ನಾದರೂ ರುಜುವಾತುಪಡಿಸಬಹುದೋ ಎಂದು ಯೋಚಿಸುತ್ತಿದ್ದೆ. ಸಾವಿತ್ರಿ ನೀರು ತಂದವಳು ಎದುರಿಗೆ ನಿಂತೇಬಿಟ್ಟಳು. ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ತೊಡೆಯ ಮೇಲೆ ಎರಡೂ ತುಂಡುಗಳಿದ್ದವು, ಪಕ್ಕದಲ್ಲಿ ಕುಸುಬಿ ಎಣ್ಣೆಯ ಬಟ್ಟಲು. ಮರದ್ದು ಆಗಲೇ ಮಿರಮಿರ ಮಿಂಚುತ್ತಿತ್ತು. ಕಾರ್ಬನ್ನಿಗೆ ಅರ್ಧ ಹಚ್ಚಿಯಾಗಿತ್ತು.

"ಹಾಡೂ ಅದಽ ಐತ್ರಿ," ಎಂದಳು.